ಸ್ಪ್ರೇಯರಿನ ಲಿಥಿಯಂ ಪ್ಯಾಕಿಗೆ ಹಳೆಯ ಚಾರ್ಜರ್ ಬೇಡ

ಅಣ್ಣಾ, ಅಡಿಕೆಗೆ ಮದ್ದು ಬಿಡುವ ಸ್ಪ್ರೇಯರಿಗೆ ಹೊಸ ಲಿಥಿಯಂ ಪ್ಯಾಕ್ ಹಾಕಿ, ಹಳೆಯ ಲೆಡ್ ಆ್ಯಸಿಡ್ ಚಾರ್ಜರಿನಲ್ಲೇ ಚಾರ್ಜ್ ಮಾಡುತ್ತಿದ್ದೇನೆ, ಬೇಗ ಆಗುತ್ತದೆ ಅಂತ ಬರೆದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ. ಹೀಗೇ ಮಾಡಿ ನನ್ನದೊಂದು ಪ್ಯಾಕ್ ಹೋಗಿದೆ.

ನೀವು ಹಾಕಿದ ಫೋಟೋದಲ್ಲಿ ಪ್ಯಾಕಿನ ಮೇಲೆ 11.1 ವೋಲ್ಟ್ ಅಂತ ಕಾಣುತ್ತದೆ, ಅಂದರೆ 3ಎಸ್, ಒಂದರ ಹಿಂದೆ ಒಂದು ಮೂರು ಸೆಲ್. ಫುಲ್ ಆದಾಗ 12.6, ಅಲ್ಲಿಗೆ ಮುಗಿಯಿತು. ಹಳೆಯ ಚಾರ್ಜರ್ 14.4ರ ಹತ್ತಿರ ಕೊಡುತ್ತದೆ. ಸೆಲ್ಲಿಗೆ 4.8 ಆಯಿತಲ್ವಾ! ಬಿಎಂಎಸ್ (ಪ್ಯಾಕಿನೊಳಗಿನ ರಕ್ಷಣೆಯ ಬೋರ್ಡ್) ಕಟ್ ಮಾಡುತ್ತದಲ್ಲ ಅಂತ ನಿಮ್ಮ ಪೋಸ್ಟಿಗೆ ಒಬ್ಬರು ಹೇಳಿದ್ದಾರೆ. ಮಾಡುತ್ತದೆ, ಸೆಲ್ 4.25 ದಾಟಿದ ಮೇಲೆ. ಅದು ಇರುವುದು ಕೊನೆಯ ಕಾವಲಿಗೆ, ದಿನಾ ಚಾರ್ಜ್ ನಿಲ್ಲಿಸುವುದಕ್ಕಲ್ಲ. ನನ್ನದರಲ್ಲಿ ಅದರ ಮಾಸ್‌ಫೆಟ್ಟೇ (ಕಟ್ ಮಾಡುವ ಸ್ವಿಚ್) ಶಾರ್ಟ್ ಆಗಿತ್ತು. ಮೇಲಿನ ನೀಲಿ ಪ್ಲಾಸ್ಟಿಕ್ ಕಂದು ತಿರುಗಿ, ಒಂದು ಸಾಲಿನ ಸೆಲ್‌ಗಳ ತುದಿಯಲ್ಲಿ ಎಣ್ಣೆ ಪಸೆ ಜಿನುಗಿತ್ತು, ನೇಲ್ ಪಾಲಿಶಿನ ವಾಸನೆ. ಬೆಂಕಿ ಹತ್ತದ್ದು ಪುಣ್ಯ.

12.6ರ ಸಿಸಿ-ಸಿವಿ ಚಾರ್ಜರ್ ತನ್ನಿ, ಅಂದರೆ ಮೊದಲು ಕರೆಂಟನ್ನು, ಆಮೇಲೆ ವೋಲ್ಟನ್ನು ಒಂದೇ ಮಟ್ಟದಲ್ಲಿ ಹಿಡಿಯುವಂಥದ್ದು. ಬೇಗ ಆಗಬೇಕಾದರೆ ಆಂಪಿಯರ್ ಜಾಸ್ತಿ ಮಾಡಬೇಕು, ವೋಲ್ಟ್ ಅಲ್ಲ. 8 ಎಎಚ್ (ಆಂಪಿಯರ್-ಅವರ್) ಪ್ಯಾಕಿಗೆ 4 ಆಂಪಿಯರ್ ಧಾರಾಳ. ಒಂದೂವರೆ ಗಂಟೆಯಲ್ಲಿ ಮುಕ್ಕಾಲು ತುಂಬುತ್ತದೆ. ಆಮೇಲೆ ಕರೆಂಟ್ ತಾನಾಗಿ ಇಳಿಯುತ್ತದೆ, ಅದನ್ನು ಅವಸರಿಸಲು ಆಗುವುದಿಲ್ಲ. ಮಳೆ ಬಿಟ್ಟಿದೆ, ಮದ್ದು ಕಲಸಿ ಆಗಿದೆ ಅಂತಾದರೆ ಮುಕ್ಕಾಲಿಗೇ ತೆಗೆದು ತೋಟಕ್ಕೆ ಹೋಗಿ, ಏನೂ ಆಗಲಿಕ್ಕಿಲ್ಲ. ಆದರೆ ನಡುನಡುವೆ ಫುಲ್ ಮಾಡಲೇಬೇಕು, ಸೆಲ್‌ಗಳು ಬ್ಯಾಲೆನ್ಸ್ ಆಗುವುದು, ಅಂದರೆ ಎಲ್ಲದರ ವೋಲ್ಟ್ ಸಮ ಆಗುವುದು, ಸಾಮಾನ್ಯವಾಗಿ ಚಾರ್ಜಿನ ಕೊನೆಯಲ್ಲೇ.

ನಾನೀಗ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿಗೆ ಎಕ್ಸ್‌ಎಲ್4015 ಬೋರ್ಡ್ (ವೋಲ್ಟ್ ಇಳಿಸುವಂಥದ್ದು) ಜೋಡಿಸಿದ್ದೇನೆ. ನೀವೂ ಹೀಗೆ ಮಾಡುವುದಾದರೆ ಪ್ಯಾಕ್ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು 12.6ಕ್ಕೆ ತಿರುಗಿಸಿ. 5 ಆಂಪಿಯರ್ ಅಂತ ಬರೆದಿರುತ್ತದೆ, ನಂಬಬೇಡಿ, 3ರಲ್ಲೇ ಕೈ ಸುಡುತ್ತದೆ. ತಾನಾಗಿ ನಿಲ್ಲುವುದೂ ಇಲ್ಲ. ಕರೆಂಟ್ ಹೋದರೆ ಪ್ಯಾಕಿನ ಚಾರ್ಜ್ ಹಿಂದಕ್ಕೆ ಬೋರ್ಡಿಗೇ ಇಳಿಯಬಹುದು, ಕೂಡಲೇ ಕಳಚಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವವರು ಇದರ ಸುದ್ದಿಗೇ ಹೋಗಬೇಡಿ.

ಪ್ಯಾಕಿನ ಮೇಲೆ 12.8 ವೋಲ್ಟ್ ಅಂತ ಇದ್ದರೆ ಅದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್, ಲಿಥಿಯಂನಲ್ಲೇ ಬೇರೆ ಜಾತಿ), ಅದಕ್ಕೆ 14.6ರ ಚಾರ್ಜರ್. ಬದಿಯಡ್ಕವೋ ಮುಳ್ಳೇರಿಯವೋ, ಎಲ್ಲಿ ಪ್ಯಾಕ್ ಕಟ್ಟಿಸಿದರೂ ಯಾವ ಜಾತಿ, ಎಷ್ಟು ವೋಲ್ಟ್ ಅಂತ ಕೇಳಿ, ಪ್ಯಾಕಿನ ಮೇಲೆಯೇ ಬರೆಸಿಕೊಳ್ಳಿ. ಸುಮ್ನೆ ‘12 ವೋಲ್ಟ್’ ಅಂದರೆ ಒಪ್ಪಬೇಡಿ. ಸೆಲ್ ಸ್ಯಾಮ್‌ಸಂಗೋ ಎಲ್‌ಜಿಯೋ ಇರಲಿ. 18650ರಲ್ಲಿ (ಇಂಥ ಪ್ಯಾಕಿನ ಉರುಟು ಸೆಲ್) 9900 ಎಂಎಎಚ್ ಅಂತ ಬರೆದದ್ದು ಶುದ್ಧ ಸುಳ್ಳು, ಒಳ್ಳೆಯದರಲ್ಲೇ 3500ರ ಆಸುಪಾಸು.

ಚಾರ್ಜಿಂಗ್ ಪಿನ್ನು ನೋಡಿ. ಮೈಲುತುತ್ತು ತಾಗಿ ಹಸಿರು ಕಿಲುಬು ಹಿಡಿದಿದ್ದರೆ ಅಲ್ಲೇ ಬಿಸಿಯಾಗಿ ಕರಗುತ್ತದೆ. ತೋಟದಿಂದ ತಂದ ಬಿಸಿ ಪ್ಯಾಕನ್ನು ತಣಿದ ಮೇಲೆಯೇ ಚಾರ್ಜಿಗೆ ಹಾಕಿ, 45 ಡಿಗ್ರಿ ದಾಟಿದ್ದಕ್ಕೆ ಚಾರ್ಜ್ ಕೊಡಲೇಬಾರದು. ಮದ್ದು ಬಿಡುವ ಕಾಲ ಮುಗಿದ ಮೇಲೆ ಪ್ಯಾಕನ್ನು 11.4 ವೋಲ್ಟಿನ ಹತ್ತಿರ ಇಟ್ಟು, ಸ್ಪ್ರೇಯರಿನಿಂದ ಕಳಚಿ ತಂಪು ಜಾಗದಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಬೇಡ.