ಹಣ ಕೊಟ್ಟ ಮಾತ್ರಕ್ಕೆ ಹಾಡು ನಮ್ಮದಾಯಿತೇ?

ಗದಗ-ಬೆಟಗೇರಿಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ನನ್ನ ಮೊಮ್ಮಗ ಹೊರದೇಶದ ಜಾಲತಾಣವೊಂದರಿಂದ ಹಾಡು ಇಳಿಸಿಕೊಳ್ಳುತ್ತಾನೆ. ಇಡೀ ಆಲ್ಬಮ್ಮಿಗೆ ಐವತ್ತು ಅರವತ್ತು ರೂಪಾಯಿ. ಪಾವತಿ ನನ್ನ ಕಾರ್ಡಿನಿಂದ. ತಮ್ಮ ದೇಶದ ಕಾನೂನಿನಂತೆ ಪರವಾನಗಿ ಪಡೆದಿದ್ದೇವೆ ಎಂದು ಅವರು ತಾಣದಲ್ಲೇ ಬರೆದುಕೊಂಡಿದ್ದಾರೆ. ನಾವು ಪುಕ್ಕಟೆ ಪಡೆಯುತ್ತಿಲ್ಲವಲ್ಲ, ಇದು ಹೇಗೆ ತಪ್ಪಾಗುತ್ತದೆ? ಇನ್ನೊಂದು ಪ್ರಶ್ನೆ. ತಂದೆಯವರ ಕಾಲದ ಗ್ರಾಮಫೋನ್ ತಟ್ಟೆಗಳು ಮನೆಯಲ್ಲಿವೆ, 1940ರ ಸುಮಾರಿನವು. ಅವನ್ನು ಮೊಬೈಲಿಗೆ ಹಾಕಿಸಿ ಬಂಧುಗಳಿಗೆ ಹಂಚಬಹುದೇ?"

ಮಾನ್ಯರೇ,

ಮೊದಲ ಪ್ರಶ್ನೆಗೆ ನನ್ನ ಉತ್ತರ: ತಪ್ಪು. ನಿಮ್ಮ ಮನೆಗೆ ಪೊಲೀಸರು ಬರುತ್ತಾರೆಂದು ನಾನು ಹೆದರಿಸುತ್ತಿಲ್ಲ. ಆದರೆ ಹಾಡಿನ ಒಡೆಯರು ಇಲ್ಲಿ ಮಾರಲು ಒಪ್ಪಿಗೆ ಕೊಡದಿದ್ದರೆ, ಅದನ್ನು ನಿಮಗೆ ಮಾರುವ ಅಧಿಕಾರ ಆ ಅಂಗಡಿಗೆ ಇಲ್ಲ. ನೀವು ದುಡ್ಡು ಕೊಟ್ಟಿದ್ದರಿಂದ ಅವರಿಗೆ ಆ ಅಧಿಕಾರ ಬಂದುಬಿಡುವುದಿಲ್ಲ.

'ನಮ್ಮ ದೇಶದ ಪರವಾನಗಿ' ಎಂಬ ಮಾತು ಹಳೆಯದು. ರಷ್ಯಾದ 'ಆಲ್ ಆಫ್ ಎಂಪಿ3' ಎಂಬ ತಾಣ ಇದೇ ಮಾತು ಹೇಳಿ ಜಗತ್ತಿಗೆಲ್ಲ ಹಾಡು ಮಾರಿತು. ಅಲ್ಲಿ ಬೆಲೆ ಹಾಡಿಗಿಷ್ಟು ಎಂದು ಇರಲಿಲ್ಲ; ಕಡತದ ಗಾತ್ರ ನೋಡಿ, ಮೆಗಾಬೈಟ್ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಆಪಲ್ ಸಂಸ್ಥೆಯ ಐಟ್ಯೂನ್ಸ್ ಅಂಗಡಿ ಅಮೆರಿಕದಲ್ಲಿ ಒಂದು ಹಾಡಿಗೆ 99 ಸೆಂಟ್ ಪಡೆಯುತ್ತಿದ್ದ ಕಾಲದಲ್ಲಿ ಈ ರಷ್ಯನ್ ತಾಣದಲ್ಲಿ ಒಂದೆರಡು ಡಾಲರಿಗೆ ಇಡೀ ಆಲ್ಬಮ್ ಸಿಗುತ್ತಿತ್ತು. ಕೇಳಿದವರಿಗೆ ಅವರು ತೋರಿಸುತ್ತಿದ್ದುದು 'ರೋಮ್ಸ್' ಎಂಬ ರಷ್ಯನ್ ಸಂಘದ ಪರವಾನಗಿಯನ್ನು. ಅಂದಿನ ರಷ್ಯನ್ ಕಾನೂನಿನಲ್ಲಿ ಒಂದು ಸಂದಿತ್ತು: ಹಕ್ಕುದಾರರ ಪರವಾಗಿ ಹಣ ಎತ್ತುವ ಸಂಘವು ತನ್ನ ಸದಸ್ಯರಲ್ಲದವರ ಕೃತಿಗಳಿಗೂ ಪರವಾನಗಿ ಕೊಡಬಹುದಿತ್ತು.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ನಿಮ್ಮ ಹೊಲವನ್ನು ನಿಮ್ಮನ್ನು ಕೇಳದೆ ಪರವೂರಿನ ಸಂಘವೊಂದು ಯಾರಿಗೋ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಂತೆ. ನೀವು ಹೋಗಿ ಕೇಳಿದರೆ, "ನಿಮ್ಮ ಪಾಲು ತೆಗೆದಿಟ್ಟಿದ್ದೇವೆ, ಬಂದು ಒಯ್ಯಿರಿ" ಎನ್ನುತ್ತಾರೆ. ಎಷ್ಟಕ್ಕೆ ಕೊಡಬೇಕು, ಯಾರಿಗೆ ಕೊಡಬೇಕು, ಕೊಡಬೇಕೋ ಬೇಡವೋ ಎಂಬುದರಲ್ಲಿ ನಿಮಗೆ ಮಾತೇ ಇಲ್ಲ. ರೋಮ್ಸ್ ಸಂಘಕ್ಕೆ ತಾವು ಯಾವ ಅಧಿಕಾರವನ್ನೂ ಕೊಟ್ಟಿಲ್ಲ ಎಂದು ಧ್ವನಿಮುದ್ರಣ ಕಂಪನಿಗಳು ಪಟ್ಟು ಹಿಡಿದವು. 2006ರಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಆ ತಾಣದ ಪಾವತಿಯನ್ನು ನಿಲ್ಲಿಸಿದವು. ಡೆನ್ಮಾರ್ಕಿನ ನ್ಯಾಯಾಲಯ ಅಲ್ಲಿನ ಇಂಟರ್ನೆಟ್ ಕಂಪನಿಯೊಂದಕ್ಕೆ ತಾಣವನ್ನು ತಡೆಹಿಡಿಯಲು ಆದೇಶಿಸಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವ ಮಾತುಕತೆಯಲ್ಲಿ ಇಂಥ ತಾಣಗಳನ್ನು ಮುಚ್ಚಿಸುವುದಾಗಿ ರಷ್ಯಾ ಅಮೆರಿಕಕ್ಕೆ ಮಾತು ಕೊಟ್ಟಿತು. 2007ರ ಜುಲೈನಲ್ಲಿ ತಾಣ ಮುಚ್ಚಿತು.

ಆದರೆ ಮರುತಿಂಗಳೇ ಮಾಸ್ಕೋದ ನ್ಯಾಯಾಲಯ ಅದರ ಹಿಂದಿನ ಮುಖ್ಯಸ್ಥನನ್ನು ಖುಲಾಸೆ ಮಾಡಿತು! ನಿಮ್ಮ ಮೊಮ್ಮಗನಂಥ ಬುದ್ಧಿವಂತ ಹುಡುಗರು ಈ ತೀರ್ಪನ್ನೇ ಎತ್ತಿ ಹಿಡಿಯುತ್ತಾರೆ. ಅಲ್ಲಿನ ಕಾನೂನಿನಡಿ, ಅಲ್ಲಿನ ಸಾಕ್ಷ್ಯದ ಮೇಲೆ ಅವನ ಅಪರಾಧ ಸಾಬೀತಾಗಲಿಲ್ಲ, ಅಷ್ಟೇ. ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕು ದೇಶದೇಶಕ್ಕೂ ಬೇರೆ. ಮಾಸ್ಕೋದಲ್ಲಿ ಊರ್ಜಿತವಾದ ಪರವಾನಗಿ ಬೆಟಗೇರಿಯಲ್ಲಿ ಊರ್ಜಿತವಾಗಬೇಕಾಗಿಲ್ಲ. ಇಲ್ಲಿ ನಡೆಯುವುದು 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ. ಬರ್ನ್ ಒಪ್ಪಂದವೇ ಮೊದಲಾದ ಅಂತರರಾಷ್ಟ್ರೀಯ ಕೃತಿಸ್ವಾಮ್ಯ ಒಪ್ಪಂದಗಳ ಸದಸ್ಯನಾಗಿ ಭಾರತ ವಿದೇಶಿ ಕೃತಿಗಳಿಗೂ ಅದರ ರಕ್ಷಣೆ ಕೊಟ್ಟಿದೆ.

ಆ ಕಾಯ್ದೆ ಕೊಳ್ಳುವವರ ಬಗ್ಗೆ ಅಷ್ಟು ಕಠೋರವಾಗಿಲ್ಲ. ಸ್ವಂತ ಬಳಕೆಗಾಗಿ ನಡೆಸುವ 'ನ್ಯಾಯಸಮ್ಮತ ವ್ಯವಹಾರ'ವನ್ನು 52ನೇ ಕಲಮು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಮನೆಬಳಕೆಗೆ ಒಂದೇ ಒಂದು ಪ್ರತಿಯನ್ನು ಹೊರದೇಶದಿಂದ ತರಿಸಿಕೊಂಡರೆ 51ನೇ ಕಲಮು ವಿನಾಯಿತಿ ಕೊಡುತ್ತದೆ. ಇವೆರಡನ್ನೂ ಹಿಡಿದು ವಕೀಲರೊಬ್ಬರು ನಿಮ್ಮ ಪರವಾಗಿ ವಾದಿಸಬಹುದು. ಆದರೆ 'ನ್ಯಾಯಸಮ್ಮತ' ಎಂಬ ಪದ ಅಲ್ಲಿ ಸುಮ್ಮನೆ ಬಂದು ಕುಳಿತಿಲ್ಲ. ಒಡೆಯರೇ ಬೇರೆಡೆ ಮಾರಾಟಕ್ಕಿಟ್ಟಿರುವ ಹಾಡನ್ನು, ಈ ತಾಣದ್ದು ಕಳ್ಳಮಾಲೆಂಬ ಅನುಮಾನ ಬಂದ ಮೇಲೂ, ಇಲ್ಲಿಂದ ಆಲ್ಬಮ್ ಮೇಲೆ ಆಲ್ಬಮ್ ಇಳಿಸಿಕೊಳ್ಳುವುದು ಆ ಪದದೊಳಗೆ ಹಿಡಿಯುತ್ತದೆಂದು ನನಗೆ ಅನ್ನಿಸುವುದಿಲ್ಲ. ಅದನ್ನೇ ಪೆನ್‌ಡ್ರೈವಿಗೆ ತುಂಬಿಸಿ ಗೆಳೆಯರಿಗೆ ಮಾರಿದರಂತೂ ಮಾತೇ ಬೇರೆ. 63ನೇ ಕಲಮಿನಂತೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ.

ಮಾಸ್ತರರೇ, ಕಲಮುಗಳ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಧಾರವಾಡದಲ್ಲಿ ಓದುತ್ತಿದ್ದಾಗ ನಾನೂ ಖಾಲಿ ಕ್ಯಾಸೆಟ್ಟು, ಹಾಡುಗಳ ಪಟ್ಟಿ ಕೊಟ್ಟು ಅಂಗಡಿಯಲ್ಲಿ ತುಂಬಿಸಿಕೊಂಡಿದ್ದೇನೆ. ಸಂಜೆ ಹೋಗಿ ದುಡ್ಡೆಣಿಸಿ ತರುತ್ತಿದ್ದೆ. ಆ ಹಣದಲ್ಲಿ ಹಾಡಿದವರಿಗೆ, ತಬಲಾ ಹಾರ್ಮೋನಿಯಂ ನುಡಿಸಿದವರಿಗೆ ಒಂದು ಪೈಸೆಯೂ ಮುಟ್ಟಲಿಲ್ಲ ಎಂಬುದು ಹೊಳೆದದ್ದು ಬಹಳ ವರ್ಷಗಳ ಮೇಲೆ. ನೀವಿರುವುದು ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತವನ್ನೇ ಅನ್ನದ ದಾರಿಯಾಗಿ ಕಲಿಸಿದ ಊರಿನಲ್ಲಿ. ಅವರ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಹೊರಬಂದ ಗಾಯಕರೊಬ್ಬರ ಧ್ವನಿಯನ್ನು ದೂರದೇಶದ ಯಾವನೋ ಅರವತ್ತು ರೂಪಾಯಿಗೆ ಮಾರಿಕೊಂಡರೆ ನಿಮಗೆ ನೋವಾಗದೇ? ಹೊರದೇಶದ ಹಾಡುಗಾರನ ಹೊಟ್ಟೆಯೂ ಇಂಥದ್ದೇ. 2012ರ ತಿದ್ದುಪಡಿಯ ನಂತರ, ಸಿನಿಮಾ ಹಾಡುಗಳು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಸಾಹಿತ್ಯ ಬರೆದವರಿಗೂ ರಾಗ ಸಂಯೋಜಿಸಿದವರಿಗೂ ಸಮಪಾಲಿನ ಹಕ್ಕಿದೆ. ಅದನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಹೋಗುವುದಿಲ್ಲ. ಆದರೆ ಹಣ ನೇರ ದಾರಿಯಲ್ಲಿ ಬಂದರೆ ಮಾತ್ರ ಆ ಪಾಲು ಅವರ ಕೈ ಸೇರುತ್ತದೆ.

ತಾಣವನ್ನು ಗುರುತಿಸುವುದು ಕಷ್ಟವಲ್ಲ. ಸಾಚಾ ಅಂಗಡಿಯ ಆಲ್ಬಮ್ ಪುಟದ ಕೆಳಗೆ ಧ್ವನಿಮುದ್ರಣದ ಹಕ್ಕು ಯಾರದೆಂದು ಇಸವಿ ಸಹಿತ ಬರೆದಿರುತ್ತದೆ. ಎಲ್ಲ ಕಂಪನಿಗಳ ಎಲ್ಲ ಹಾಡುಗಳೂ ಉಳಿದೆಡೆಯ ಬೆಲೆಯ ಹತ್ತನೇ ಒಂದು ಭಾಗಕ್ಕೆ ಸಿಗುತ್ತಿದ್ದರೆ ಅನುಮಾನಿಸಿ. ಕಾರ್ಡಿನ ವಿಷಯವನ್ನೂ ಮರೆಯಬೇಡಿ: ಅನೇಕ ವಿದೇಶಿ ತಾಣಗಳು ಒಟಿಪಿ ಕೇಳದೆಯೇ ಹಣ ಎಳೆದುಕೊಳ್ಳುತ್ತವೆ. ವಿದೇಶಿ ಪಾವತಿಯ ಸೌಲಭ್ಯವನ್ನು ಬ್ಯಾಂಕಿನ ಆ್ಯಪಿನಲ್ಲಿ ಇಂದೇ ಮುಚ್ಚಿಬಿಡಿ.

ಇನ್ನು ನಿಮ್ಮ ತಟ್ಟೆಗಳು. ಇದಕ್ಕೆ ಉತ್ತರಿಸಲು ನನಗೆ ಸಂತೋಷ. ಒಂದು ಹಾಡಿನಲ್ಲಿ ಎರಡು ಹಕ್ಕುಗಳನ್ನು ಬೇರೆಬೇರೆಯಾಗಿ ನೋಡಬೇಕು: ಪದ ಮತ್ತು ರಾಗದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಕಳೆದ ವರ್ಷ ಒಬ್ಬರು ಅದನ್ನು ಹಾಡಿ ಮುದ್ರಿಸಿದ್ದರೆ ಆ ಮುದ್ರಣಕ್ಕೆ ಒಡೆಯರಿದ್ದಾರೆ. ಬೇಂದ್ರೆಯವರ ಕವಿತೆಯಾದರೆ ಲೆಕ್ಕ ತಿರುವುಮುರುವು. ಅವರು ತೀರಿಕೊಂಡದ್ದು 1981ರಲ್ಲಿ. ಲೇಖಕರ ಹಕ್ಕು ಮರಣಾನಂತರ 60 ವರ್ಷ ಇರುವುದರಿಂದ ಅವರ ಸಾಹಿತ್ಯದ ಹಕ್ಕು 2041ರ ಕೊನೆಯವರೆಗೆ ಇದೆ, ಮುದ್ರಣ ಎಷ್ಟೇ ಹಳೆಯದಾಗಿರಲಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಗಾಗಿ 1940ರ ದಶಕದ ನಿಮ್ಮ ತಟ್ಟೆಗಳ ಮುದ್ರಣದ ಹಕ್ಕು ಎಂದೋ ಮುಗಿದಿದೆ. ಹಾಡಿರುವುದು ವಚನ, ದಾಸರ ಪದ ಅಥವಾ ಹಿಂದೂಸ್ತಾನಿ ಸಂಗೀತದ ಹಳೆಯ ಬಂದಿಶ್ ಆಗಿದ್ದರೆ ಬಂಧುಗಳಿಗೆಲ್ಲ ಧಾರಾಳವಾಗಿ ಹಂಚಿ.

ಒಂದೇ ಎಚ್ಚರಿಕೆ. ಅವು ಅರಗಿನ ತಟ್ಟೆಗಳು. ಸ್ಪಿರಿಟ್ ಹಚ್ಚಿ ಒರೆಸಿದರೆ ಅರಗು ಕರಗಿ ಹಾಡು ಅಡಗಿರುವ ಗೀರುಗಳೇ ಅಳಿಸಿಹೋಗುತ್ತವೆ. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು. ಎಲ್‌ಪಿ ತಟ್ಟೆಯ ಸಣ್ಣ ಮುಳ್ಳು ಇವಕ್ಕೆ ಹೊಂದುವುದಿಲ್ಲ, ನಿಮಿಷಕ್ಕೆ 78 ಸುತ್ತು ತಿರುಗುವ ಇಂಥ ತಟ್ಟೆಗೆಂದೇ ಮಾಡಿದ ಅಗಲ ಮುಳ್ಳು ಬೇಕು. ಅದು ಇರುವವರ ಹತ್ತಿರವೇ ಹಾಕಿಸಿ. ಮತ್ತು ನಡುವಿನ ಕಾಗದದ ಚೀಟಿಯ ಮೇಲೆ ಯಾರ ಹೆಸರಿದೆ, ಯಾವ ರಾಗವಿದೆ ಎಂಬುದನ್ನು ದಯವಿಟ್ಟು ನನಗೆ ಬರೆದು ತಿಳಿಸಿ.

ಸಂಪಾದಕ