ಆಗಸ್ಟ್ ತಿಂಗಳ ಹಳದಿ ಹಾಳೆ

ತಮ್ಮಾ, ಆ್ಯನ್ ಆರ್ಬರ್‌ಗೆ ಬಂದು ಹತ್ತು ದಿನವಾಯಿತು, ಪ್ರಯೋಗಾಲಯದಲ್ಲಿ ಊಟದ ಹೊತ್ತಿಗೆ ಎಲ್ಲರೂ ಮಿಷಿಗನ್ ವಿಶ್ವವಿದ್ಯಾಲಯದ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್ ತಂಡದ ಬಗ್ಗೆಯೇ ವಾದಿಸುತ್ತಾರೆ, ಒಂದು ಪಂದ್ಯವೂ ಆಗದೆ ಇಷ್ಟು ಮಾತು ಏಕೆ, ನಾನು ಸುಮ್ಮನೆ ಕುಳಿತರೆ ತಪ್ಪೇ ಎಂದು ಕೇಳಿದ್ದೀಯ. ಚಳಿಯ ಕೋಟು, ಕಾರು, ಅಡುಗೆ ಸಾಮಾನಿನ ಬಗ್ಗೆಯೂ ಕೇಳಿದ್ದೀಯ. ಅವನ್ನು ಮೊದಲು ಮುಗಿಸುತ್ತೇನೆ. ಕೋಟನ್ನು ಅಕ್ಟೋಬರ್‌ನಲ್ಲಿ ಇಲ್ಲೇ ತೆಗೆದುಕೋ. ಕಾರು ಈ ವರ್ಷ ಬೇಡ, ಬಸ್ ಸಾಕು. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿಯನ್ನು ಫ್ರೀಜರ್‌ನಲ್ಲಿಡು, ಡಿಸೆಂಬರ್‌ನಲ್ಲಿ ಅದರ ಬೆಲೆ ತಿಳಿಯುತ್ತದೆ.

ಸುಮ್ಮನೆ ಕೂರಬೇಡ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನು ತೀರ್ಥಹಳ್ಳಿಯಿಂದ ಇಲ್ಲಿಗೆ ಬಂದದ್ದು 2007ರ ಆಗಸ್ಟ್‌ನಲ್ಲಿ. ಮಹಡಿಯ ಕೋಣೆಯಲ್ಲಿ ನಾನು, ಕೆಳಗೆ ಮನೆಯ ಯಜಮಾನರು. ಜೀವನವಿಡೀ ಬಡಗಿ ಕೆಲಸ ಮಾಡಿ ನಿವೃತ್ತರಾಗಿದ್ದ ಅವರು ಸಂಜೆಯಾದರೆ ಜಗಲಿಯಲ್ಲಿ ಗೀಟಿನ ಹಳದಿ ಹಾಳೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಬಡಗಿಗಳ ಚಪ್ಪಟೆ ಪೆನ್ಸಿಲ್‌ನಿಂದ ತಂಡದ ಪಟ್ಟಿ ಬರೆಯುತ್ತಿದ್ದರು. ಪ್ರತಿ ಸ್ಥಾನಕ್ಕೆ ಎರಡು ಹೆಸರು: ಆಡುವವನು, ಅವನಿಗೆ ಪೆಟ್ಟಾದರೆ ಬರುವವನು. ಅಳಿಸಿ ಅಳಿಸಿ ಕೆಲವು ಕಡೆ ಹಾಳೆ ಎಷ್ಟು ತೆಳುವಾಗಿತ್ತೆಂದರೆ ದೀಪದ ಬೆಳಕು ಆಚೆಯಿಂದ ಕಾಣುತ್ತಿತ್ತು. ಬೀದಿಯ ನಾಲ್ಕಾರು ಜನ ಬಂದು ಅವರೊಡನೆ ವಾದಕ್ಕೆ ಕೂರುತ್ತಿದ್ದರು. ನಮ್ಮಲ್ಲಿ ರಣಜಿ ತಂಡ ಪ್ರಕಟವಾದಾಗ ಕಟ್ಟೆಯ ಮೇಲೆ ನಡೆಯುವ ಮಾತೇ ಅದು. ನನಗೆ ಮಾತ್ರ ಅದು ಆಗ ಗುರುತು ಸಿಗಲಿಲ್ಲ.

ಆ ವರ್ಷ ತಂಡಕ್ಕೆ ದೇಶದಲ್ಲಿ 5ನೇ ಸ್ಥಾನ ಕೊಟ್ಟಿದ್ದರು. ಚೆಂಡು ಎಸೆಯುವ ಚಾಡ್ ಹೆನ್ನಿ, ಅದನ್ನು ಹಿಡಿದು ನುಗ್ಗುವ ಮೈಕ್ ಹಾರ್ಟ್, ಎಡತುದಿಯಲ್ಲಿ ಗೋಡೆಯಂತೆ ನಿಲ್ಲುವ ಜೇಕ್ ಲಾಂಗ್, ಮೂವರೂ ವೃತ್ತಿಪರ ಲೀಗಿಗೆ ಹೋಗದೆ ಕೊನೆಯ ವರ್ಷಕ್ಕೆಂದು ಉಳಿದಿದ್ದರು. ಆದರೆ ರಕ್ಷಣೆಯಿಂದ ವುಡ್ಲಿ, ಬ್ರ್ಯಾಂಚ್, ಹಾಲ್, ಹ್ಯಾರಿಸ್ ನಾಲ್ವರೂ ಹೊರಟುಹೋಗಿದ್ದರು. ಯಜಮಾನರು ಆ ನಾಲ್ಕು ಜಾಗಗಳ ಮೇಲೆ ಪೆನ್ಸಿಲ್ ತುದಿಯಿಟ್ಟು ತಲೆಯಾಡಿಸುತ್ತಿದ್ದರು.

ಸೆಪ್ಟೆಂಬರ್ 1ರ ಮೊದಲ ಪಂದ್ಯದಲ್ಲಿ ಎದುರಾಳಿ ಅಪಲಾಚಿಯನ್ ಸ್ಟೇಟ್, ಕೆಳಗಿನ ದರ್ಜೆಯ ತಂಡ. ಕೊನೆಯ ಕ್ಷಣಗಳಲ್ಲಿ ಮಿಷಿಗನ್‌ನವರು ಒದ್ದ ಚೆಂಡನ್ನು ಅವರು ತಡೆದರು. 34-32. ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಕ್ರೀಡಾಂಗಣದಿಂದ ಹೊರಟವರು ನಮ್ಮ ಬೀದಿಯಲ್ಲಿ ಸಾವಿನ ಮನೆಯಿಂದ ಬಂದವರಂತೆ ನಡೆದುಹೋದರು. ಮರುದಿನ ಬಾಡಿಗೆ ಕೊಡಲು ಇಳಿದ ನಾನು ಸಮಾಧಾನ ಹೇಳುವ ಉತ್ಸಾಹದಲ್ಲಿ, "ಒಂದು ಪಂದ್ಯ ತಾನೇ, ಮುಂದಿನ ವರ್ಷ ಗೆದ್ದರಾಯಿತು" ಎಂದೆ. ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟು, ರಸೀದಿ ಬರೆದುಕೊಟ್ಟು ಒಳಗೆ ಹೋದರು. ಮತ್ತೆ ನನ್ನನ್ನು ಜಗಲಿಗೆ ಕರೆಯಲಿಲ್ಲ.

ಆಗ ಕಾಲೇಜು ಆಟಗಾರನಿಗೆ ಸಿಗುತ್ತಿದ್ದದ್ದು ನಾಲ್ಕು ವರ್ಷದ ಆಟ. ಆ ಮೂವರಿಗೆ ಮುಂದಿನ ವರ್ಷ ಎಂಬುದೇ ಇರಲಿಲ್ಲ. 1974ರ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ಗವಾಸ್ಕರರನ್ನು ಬೌಲ್ಡ್ ಮಾಡಿದ ಎಸೆತವನ್ನು ನನ್ನ ಅಪ್ಪ ಬಾಳೆ ಎಲೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದರು. ಅಂದು ಕರ್ನಾಟಕ ಸೋತಿದ್ದರೆ ಅವರ ಮುಂದೆ ಆ ಮಾತು ಆಡುವ ಧೈರ್ಯ ನನಗಿರುತ್ತಿರಲಿಲ್ಲ. ಪರರ ಜಗಲಿಯಲ್ಲಿ ಆಡಿಬಿಟ್ಟೆ. ಕ್ಷಮೆ ಕೇಳಬೇಕೆಂದು ನಾಲ್ಕು ವರ್ಷ ಬಿಟ್ಟು ಹೋದಾಗ ಅಂಚೆಪೆಟ್ಟಿಗೆಯ ಮೇಲೆ ಬೇರೆಯವರ ಹೆಸರಿತ್ತು. 2024ರ ಜನವರಿಯಲ್ಲಿ ತಂಡ ವಾಷಿಂಗ್ಟನ್‌ ವಿರುದ್ಧ 34-13ರಿಂದ ಗೆದ್ದು ರಾಷ್ಟ್ರೀಯ ಪಟ್ಟ ತಂದ ರಾತ್ರಿ ನಾನು ಫೋನು ಕೈಯಲ್ಲಿ ಹಿಡಿದೇ ಕುಳಿತಿದ್ದೆ, ಅವರ ನಂಬರು ನನ್ನಲ್ಲಿರಲಿಲ್ಲ.

ಈ ವರ್ಷದ, ಅಂದರೆ 2025ರ, ಮಾತಿಗೆ ಬರುತ್ತೇನೆ. ನಿನ್ನ ಜೊತೆಯವರು ಹೇಳುವ, ಚೆಂಡು ಎಸೆಯುವ ಬ್ರೈಸ್ ಅಂಡರ್‌ವುಡ್ ಇಲ್ಲೇ ಅರ್ಧ ಗಂಟೆ ದೂರದ ಬೆಲ್‌ವಿಲ್‌ನ ಹುಡುಗ, ಹುಟ್ಟಿದ್ದು ನಾನು ಬಂದ ಆ ಆಗಸ್ಟ್‌ನಲ್ಲೇ. ಹೈಸ್ಕೂಲು ಮುಗಿಸಿದವರಲ್ಲಿ ದೇಶಕ್ಕೇ ಮೊದಲಿಗನೆಂದು ಎಣಿಸಿದ್ದರು. ಅವನ ತೋಳಿನ ಬಗ್ಗೆ ನನಗೆ ಅನುಮಾನವಿಲ್ಲ. ಅಲಬಾಮಾದಿಂದ ಬಂದ ಜಸ್ಟಿಸ್ ಹೇನ್ಸ್ ಓಟಕ್ಕೆ ಬಲ ತರುತ್ತಾನೆ. ಕಳೆದ ವರ್ಷ ಎಸೆತ ತೀರಾ ಸೊರಗಿದ್ದರೂ ಇದೇ ತಂಡ ಬದ್ಧ ಎದುರಾಳಿ ಒಹಾಯೊ ಸ್ಟೇಟನ್ನು ಅವರ ಅಂಗಳದಲ್ಲೇ 13-10ರಿಂದ ಸೋಲಿಸಿತು. ಆದರೆ ಅದನ್ನು ಸಾಧ್ಯವಾಗಿಸಿದ ರಕ್ಷಣೆಯ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಈಗ ತಂಡದಲ್ಲಿಲ್ಲ. ಪೆನ್ಸಿಲ್ ತುದಿ ಮತ್ತೆ ಅಲ್ಲಿಗೇ ಹೋಗುತ್ತದೆ. ಎರಡನೆಯ ಪಂದ್ಯವೇ ಒಕ್ಲಹೋಮಾದ ಅಂಗಳದಲ್ಲಿ. ಹದಿನೆಂಟರ ಹುಡುಗನಿಗೆ ಆ ಗದ್ದಲ ಸಣ್ಣದಲ್ಲ. ಹನ್ನೆರಡರಲ್ಲಿ ಒಂಬತ್ತು ಗೆಲುವು ಎಂಬುದು ನನ್ನ ಲೆಕ್ಕ, ಹೆಚ್ಚಾದರೆ ನನಗಿಂತ ಸಂತೋಷಪಡುವವರಿಲ್ಲ.

ನಾಳೆ ಊಟಕ್ಕೆ ಕುಳಿತಾಗ ಅಂಡರ್‌ವುಡ್ ಬಗ್ಗೆ ಕೇಳಬೇಡ, ಅದನ್ನು ಎಲ್ಲರೂ ಕೇಳುತ್ತಾರೆ. ಎದುರಾಳಿಗಳನ್ನು ತಡೆಯಲು ಅವನ ಮುಂದೆ ನಿಲ್ಲುವ ಐವರು ಯಾರು ಎಂದು ಕೇಳು. ಎದುರಿಗಿರುವವರು ಊಟ ಬಿಟ್ಟು ನಿನ್ನ ಕಡೆ ತಿರುಗುತ್ತಾರೆ. ನವೆಂಬರ್ ಕೊನೆಯಲ್ಲಿ ಒಹಾಯೊದವರು ಬರುವ ವಾರ ಕೆಂಪು ಅಂಗಿ ತೊಡಬೇಡ, ಅದು ಅವರ ಬಣ್ಣ.

ಇದೇ ಆಗಸ್ಟ್ 30ರ ಶನಿವಾರ ಸಂಜೆ ನ್ಯೂ ಮೆಕ್ಸಿಕೊ ವಿರುದ್ಧ ಮೊದಲ ಪಂದ್ಯ. ನಮ್ಮ ಮನೆಗೆ ಬಾ, ಅಕ್ಕಿರೊಟ್ಟಿ ಮಾಡುತ್ತೇವೆ. ನನ್ನ ಹಳದಿ ಹಾಳೆಯಲ್ಲಿ ಎಡತುದಿಯ ಜಾಗವನ್ನು ಇನ್ನೂ ತುಂಬಿಲ್ಲ.