ಓದುಗರ ಪ್ರಶ್ನೆ: ಹಳೇ ಪಿಕಪ್ಪಿಗೆ ಬೇರೆ ಸ್ಟೇರಿಂಗ್ ಬಾಕ್ಸ್ ಹಾಕ್ಬಹುದಾ?

ಈ ಸಲ ಬಂದಿದ್ರಲ್ಲಿ ಸ್ಟೇರಿಂಗ್ ಬಗ್ಗೆನೇ ಪ್ರಶ್ನೆ ಜಾಸ್ತಿ. ಮಳೆ ಬಿಟ್ಟು ಅಡಿಕೆ ಕೊನೆ ಕೊಯ್ಲು ಹತ್ರ ಬಂತು, ಶೆಡ್ಡಲ್ಲಿ ನಿಂತಿದ್ದ ಹಳೇ ಗಾಡಿಗಳೆಲ್ಲ ಈಗ ಹೊರಗೆ ಬರ್ತವೆ, ಅದ್ಕೇ ಇರ್ಬೇಕು. ನಾಲ್ಕು ಪ್ರಶ್ನೆ ತಗೊಂಡಿದೀನಿ, ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಉದ್ದ ಆಗ್ಲೇಬೇಕಿತ್ತು. ಬಾಕ್ಸ್ ಅಂದ್ರೆ ಸ್ಟೇರಿಂಗ್ ತಿರುಗಿಸಿದ್ದನ್ನ ವೀಲಿನ ಕಡೆ ದಾಟಿಸೋ ಗೇರ್ ಡಬ್ಬಿ.

ಪ್ರಶ್ನೆ: ನಮ್ದು ಜೀಪ್ ಮುಖದ ಹಳೇ ಮಹೀಂದ್ರ ಪಿಕಪ್, ಡೀಸೆಲ್ಲು, ಅಪ್ಪಯ್ಯ ತಗಂಡಿದ್ದು. ಅಡಿಕೆ, ಗೊಬ್ಬರ, ಸೊಪ್ಪು ಎಲ್ಲ ಅದ್ರಲ್ಲೇ ಹೊಡಿಯೋದು. ಈಗ ಸ್ಟೇರಿಂಗ್ ಹತ್ರ ಹತ್ರ ಕಾಲು ಸುತ್ತು ತಿರುಗಿಸೋ ತನಕ ವೀಲೇ ಅಲ್ಲಾಡಲ್ಲ. ಆಗುಂಬೆ ಘಾಟಿ ಇಳಿಯೋಕೆ ಭಯ ಆಗತ್ತೆ. ಬಾಕ್ಸ್ ಎಸೆದು ಬಾಲ್ ಟೈಪಿಂದು ಹಾಕಿ ಅಂತ ಒಬ್ರು ಮೇಸ್ತ್ರಿ, ಪವರ್ ಸ್ಟೇರಿಂಗೇ ಹಾಕ್ಸಿಬಿಡಿ ಅಂತ ಇನ್ನೊಬ್ರು. ಎಂತ ಮಾಡದು?
— ತೀರ್ಥಹಳ್ಳಿ ತಾಲೂಕಿನ ಓದುಗರು

ಉತ್ತರ: ಮೊದಲು ಆ ಗಾಡಿ ರೋಡಿಗೆ ತರೋದು ನಿಲ್ಸಿ ಮಾರಾಯ್ರೇ. ಹಳೇ ಗಾಡಿ ಅಂದ್ಮೇಲೆ ಸ್ಟೇರಿಂಗ್ ವೀಲಿನ ಅಂಚಲ್ಲಿ ಅಳೆದ್ರೆ ಒಂದು, ಹೆಚ್ಚಂದ್ರೆ ಒಂದೂವರೆ ಇಂಚು ಪ್ಲೇ (ವೀಲು ಅಲ್ಲಾಡದೆ ಸ್ಟೇರಿಂಗ್ ಮಾತ್ರ ಖಾಲಿ ತಿರುಗೋದು) ಇದ್ರೆ ಒಪ್ಕೋಬಹುದು. ಕಾಲು ಸುತ್ತು ಅಂದ್ರೆ ಎಲ್ಲೋ ಏನೋ ಪೂರ್ತಿ ಸವೆದಿದೆ ಇಲ್ಲಾ ಬಿಟ್ಕೊಂಡಿದೆ. ಆಗುಂಬೆಲಿ 14 ಹೇರ್‌ಪಿನ್ ತಿರುವು, ಒಂದೊಂದ್ರಲ್ಲೂ ಸ್ಟೇರಿಂಗ್ ಲಾಕ್ ತನಕ, ಅಂದ್ರೆ ಇನ್ನು ತಿರುಗಲ್ಲ ಅನ್ನೋ ಕೊನೆ ತನಕ ಎಳೀಬೇಕು, ಅಲ್ಲಿ ಇಂಥ ಗಾಡಿ ಬೇಡ.

ಆದ್ರೆ ಬಾಕ್ಸ್ ತರೋಕೆ ಓಡಬೇಡಿ. ಪ್ಲೇ ಇದೆ ಅಂದ ತಕ್ಷಣ ಎಲ್ಲರ ಕೈ ಬಾಕ್ಸ್ ಕಡೆನೇ ಹೋಗತ್ತೆ, ಆದ್ರೆ ಎಷ್ಟೋ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲೇ ಬಾಕ್ಸಿನ ಹೊರಗೇ ಇರತ್ತೆ. ಪರೀಕ್ಷೆ ಸುಲಭ, ಇಬ್ಬರು ಬೇಕು ಅಷ್ಟೇ. ಇಂಜಿನ್ ಆಫ್, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ವೀಲಿಗೆ ಕಲ್ಲು ಕೊಟ್ಟು, ಮುಂದಿನ ವೀಲು ನೆಲದ ಮೇಲೇ ಇರ್ಲಿ. ಒಬ್ರು ಸೀಟಲ್ಲಿ ಕೂತು ಸ್ಟೇರಿಂಗನ್ನ ಆ ಕಡೆ ಈ ಕಡೆ ಸಣ್ಣಗೆ ಆಡಿಸ್ತಾ ಇರ್ಲಿ, ನೀವು ಕೆಳಗೆ ಮಲಗಿ ಬಾಕ್ಸಿಂದ ಶುರು ಮಾಡಿ ವೀಲಿನ ತನಕ ಒಂದೊಂದೇ ಜಾಯಿಂಟ್ ಮೇಲೆ ಕೈ ಇಟ್ಟು ನೋಡ್ತಾ ಹೋಗಿ. ಸ್ಟೇರಿಂಗ್ ರಾಡ್ ತಿರುಗ್ತಿದೆ ಆದ್ರೆ ಡ್ರಾಪ್ ಆರ್ಮ್ (ಬಾಕ್ಸಿಂದ ಹೊರಗೆ ಬಂದಿರೋ ತೋಳು) ಅಲ್ಲಾಡ್ತಿಲ್ಲ ಅಂದ್ರೆ ತಪ್ಪು ಬಾಕ್ಸ್ ಒಳಗೆ. ಡ್ರಾಪ್ ಆರ್ಮ್ ಆಡ್ತಿದೆ, ಡ್ರ್ಯಾಗ್ ಲಿಂಕ್ (ಆ ತೋಳಿಂದ ವೀಲಿನ ಕಡೆ ಹೋಗೋ ರಾಡ್) ಸುಮ್ನಿದೆ ಅಂದ್ರೆ ಆ ಬಾಲ್ ಜಾಯಿಂಟ್ ಹೋಗಿದೆ. ಕೆಲವು ಹಳೇ ಮಾಡೆಲಲ್ಲಿ ಮಧ್ಯ ಬೆಲ್ ಕ್ರ್ಯಾಂಕ್ ಅಂತ, ಎಳೆತದ ದಿಕ್ಕು ಬದಲಾಯಿಸೋ ತುಂಡು ಬರತ್ತೆ, ಅದ್ರ ಪಿನ್ನು ಮತ್ತೆ ಬುಶ್ ಸವೆದ್ರೆ ಎಷ್ಟು ಹೊಸ ಬಾಕ್ಸ್ ಹಾಕಿದ್ರೂ ಗಾಡಿ ರೋಡಲ್ಲಿ ಓಲಾಡೋದು ಬಿಡಲ್ಲ. ಆಮೇಲೆ ಟೈ ರಾಡ್ (ಮುಂದಿನ ಎರಡು ವೀಲನ್ನ ಜೋಡಿಸೋ ರಾಡ್) ಎಂಡ್, ಕಿಂಗ್ ಪಿನ್ (ವೀಲು ಪಕ್ಕಕ್ಕೆ ತಿರುಗೋ ಕೀಲು) ಬೇರಿಂಗ್, ವೀಲ್ ಬೇರಿಂಗ್, ಪಟ್ಟಾದ (ಲೀಫ್ ಸ್ಪ್ರಿಂಗಿನ) ಶ್ಯಾಕಲ್ ಬುಶ್, ಇವನ್ನೂ ನೋಡಿ.

ಇನ್ನೊಂದು ಮುಖ್ಯ. ಬಾಕ್ಸ್ ಕೂತಿರೋ ಜಾಗದಲ್ಲಿ ಚಾಸಿ ಮೇಲಿನ ಮಣ್ಣು ಗ್ರೀಸ್ ಎಲ್ಲ ವೈರ್ ಬ್ರಷ್ಷಲ್ಲಿ ಉಜ್ಜಿ ತೆಗೆದು ನೋಡಿ. ನಮ್ಮ ಮಳೆಗೆ ಅಲ್ಲಿ ಕೆಸರು ಕೂತು ತುಕ್ಕು ತಿಂದು ಬೋಲ್ಟ್ ಕಣ್ಣಿನ ಸುತ್ತ ಬಿರುಕು ಬಿಟ್ಟಿರತ್ತೆ, ಮೇಲಿಂದ ಕಾಣಲ್ಲ. ಸ್ಟೇರಿಂಗ್ ತಿರುಗಿಸಿದಾಗ ಬಾಕ್ಸ್ ಪೂರ್ತಿನೇ ಚೂರು ಜಗ್ಗಿದ್ರೆ ಅದೇ ಕಾರಣ.

ಇಷ್ಟೆಲ್ಲ ನೋಡಿ, ಹೊರಗಿಂದು ಸರಿ ಮಾಡಿಸಿದ ಮೇಲೂ ಪ್ಲೇ ಉಳಿದ್ರೆ ಆಗ ಬಾಕ್ಸ್ ಮಾತಾಡೋಣ. ಮೊದಲ ಜೀಪುಗಳನ್ನ ಮಾಡಿದ ಅಮೆರಿಕದ ವಿಲ್ಲೀಸ್ ಕಂಪನಿ ಕಾಲದಿಂದ ಬಂದ ಜೀಪ್ ವಂಶದ ಬಾಕ್ಸು ರಾಸ್ ಕಂಪನಿ ಡಿಸೈನಿಂದು, ಕ್ಯಾಮ್ ಮತ್ತೆ ಲಿವರ್ ಟೈಪು. ಕ್ಯಾಮ್ ಮೇಲೆ ಸ್ಕ್ರೂ ಥರ ಕೊರೆದ ತೋಡಲ್ಲಿ ಲಿವರಿನ ಎರಡು ಪಿನ್ನು ಉಜ್ಜಿಕೊಂಡು ಓಡ್ತವೆ. ಉಜ್ಜೋದ್ರಿಂದ ಸವೆತ, ಅದೂ ನಡುವಲ್ಲೇ ಜಾಸ್ತಿ, ಯಾಕಂದ್ರೆ ಗಾಡಿ ಹೆಚ್ಚು ಹೊತ್ತು ನೇರ ಓಡೋದು ತಾನೆ. ಹಂಗಾಗಿ ತುಂಬ ಸವೆದ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಟೈಟ್ ಮಾಡಿ ನಡುವಿನ ಪ್ಲೇ ತೆಗೆದ್ರೆ, ಪಕ್ಕಕ್ಕೆ ತಿರುಗಿಸಿದಾಗ ಕಚ್ಕೊಳತ್ತೆ. ಘಾಟಿ ತಿರುವಲ್ಲಿ ಸ್ಟೇರಿಂಗ್ ವಾಪಸ್ ಬರ್ದೇ ನಿಂತ್ರೆ ಏನಾಗತ್ತೆ ನೀವೇ ಯೋಚ್ನೆ ಮಾಡಿ. ಅಡ್ಜಸ್ಟ್ ಮಾಡೋದಿದ್ರೆ ಡ್ರ್ಯಾಗ್ ಲಿಂಕ್ ಬಿಚ್ಚಿ, ಲಾಕಿಂದ ಲಾಕಿಗೆ ಸುತ್ತು ಎಣಿಸಿ, ಸರಿಯಾಗಿ ನಡುವಿಗೆ ತಂದು ಅಲ್ಲೇ ಮಾಡ್ಬೇಕು, ಆಮೇಲೆ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಹಿಡಿಯಲ್ಲ ಅಂತ ನೋಡ್ಬೇಕು.

ಬಾಲ್ ಟೈಪ್ ಬಾಕ್ಸಲ್ಲಿ ಸ್ಕ್ರೂಗೂ ನಟ್ಟಿಗೂ ಮಧ್ಯ ಸಣ್ಣ ಉಕ್ಕಿನ ಗುಂಡು ಉರುಳ್ತವೆ, ಉಜ್ಜೋ ಬದ್ಲು ಉರುಳೋದು, ಅದ್ಕೇ ಹಗುರ, ಬಾಳಿಕೆನೂ ಜಾಸ್ತಿ. ಅಮೆರಿಕದಲ್ಲಿ ಜನರಲ್ ಮೋಟರ್ಸಿನ ಸ್ಯಾಗಿನಾ ವಿಭಾಗದವರು ಇದನ್ನ 1940ರಲ್ಲೇ ಕ್ಯಾಡಿಲಾಕ್ ಕಾರಿಗೆ ಹಾಕಿದ್ರು, ಅಲ್ಲಿನ ಜೀಪಿಗೆ ರಾಸ್ ಬಾಕ್ಸ್ ಹೋಗಿ ಇದು ಬಂದಿದ್ದು 1972ರಲ್ಲಿ. ಅಂದ್ರೆ ನೀವು ಮಾಡೋಕೆ ಹೊರಟಿರೋದು ಕಂಪನಿಯವರೇ ಮಾಡಿದ ಬದಲಾವಣೆ, ಐಡಿಯಾ ತಪ್ಪಲ್ಲ. ಆ ಜೀಪಿನ ಮ್ಯಾನ್ಯುಯಲ್ ಬಾಕ್ಸ್ ರೇಶಿಯೋ 24ಕ್ಕೆ 1, ಸ್ಟೇರಿಂಗ್ 24 ಡಿಗ್ರಿ ತಿರುಗಿದ್ರೆ ಡ್ರಾಪ್ ಆರ್ಮ್ 1 ಡಿಗ್ರಿ. ಕೈಗೆ ಹಗುರ, ಆದ್ರೆ ಸುತ್ತು ಜಾಸ್ತಿ ಹೊಡೀಬೇಕು, ಹೇರ್‌ಪಿನ್ನಲ್ಲಿ ಅದು ಗೊತ್ತಾಗತ್ತೆ, ಅಭ್ಯಾಸ ಆಗತ್ತೆ.

ಹಾಕ್ಸೋದೇ ಅಂತ ತೀರ್ಮಾನ ಮಾಡಿದ್ರೆ ಬಾಕ್ಸಿನ ಬ್ರ್ಯಾಂಡಿಗಿಂತ ಅದು ಎಲ್ಲಿ ಹೆಂಗೆ ಕೂರತ್ತೆ ಅನ್ನೋದೇ ಮುಖ್ಯ. ಮೊದಲನೇದು ದಿಕ್ಕು. ಬೇರೆ ಗಾಡಿಯಿಂದ ಬಿಚ್ಚಿದ ಬಾಕ್ಸನ್ನ ಟೇಬಲ್ ಮೇಲೆ ಇಟ್ಟು ಬಲಕ್ಕೆ ತಿರುಗಿಸಿದ್ರೆ ಆರ್ಮ್ ಯಾವ ಕಡೆ ಹೋಗತ್ತೆ ನೋಡಿ. ಕೆಲವು ಬಾಕ್ಸಲ್ಲಿ ಆರ್ಮ್ ಹಿಂದೆ ಮುಂದೆ ಆಡತ್ತೆ, ಕೆಲವ್ರಲ್ಲಿ ಅಡ್ಡಡ್ಡ. ಇದು ಹೊಂದ್ಲಿಲ್ಲ ಅಂದ್ರೆ ಸ್ಟೇರಿಂಗ್ ಬಲಕ್ಕೆ, ಗಾಡಿ ಎಡಕ್ಕೆ. ಎರಡನೇದು ಡ್ರ್ಯಾಗ್ ಲಿಂಕಿನ ಓರೆ. ಪಟ್ಟಾ ಮೇಲೆ ಕೆಳಗೆ ಆಡುವಾಗ ಲಿಂಕ್ ವೀಲನ್ನ ತಾನೇ ಎಳೀಬಾರ್ದು. ಕೆಲಸ ಮುಗಿದ ಮೇಲೆ ಇಬ್ಬರು ಮುಂದಿನ ಬಂಪರ್ ಹತ್ತಿ ಗಾಡಿ ಕುಲುಕಲಿ, ಸ್ಟೇರಿಂಗ್ ತನ್ನಷ್ಟಕ್ಕೆ ಆ ಕಡೆ ಈ ಕಡೆ ತಿರುಗಿದ್ರೆ ಜಾಗ ತಪ್ಪಿದೆ ಅಂತ, ಮೇಸ್ತ್ರಿ ಎಷ್ಟೇ ಹೇಳಿದ್ರೂ ಹಂಗೇ ತರಬೇಡಿ. ಮೂರನೇದು, ವೀಲು ನಿಲ್ಲಬೇಕಾದ್ದು ಆಕ್ಸಲ್ಲಿನ ಸ್ಟಾಪ್ ಬೋಲ್ಟಿಗೆ ತಾಗಿ, ಬಾಕ್ಸ್ ಒಳಗೆ ಕೊನೆ ಮುಟ್ಟಿ ಅಲ್ಲ.

ಹಳೇ ಬಾಕ್ಸಲ್ಲಿ ಸ್ಟೇರಿಂಗ್ ರಾಡ್ ಒಂದೇ ತುಂಡು, ಬಾಕ್ಸಿಂದ ನೇರ ನಿಮ್ಮ ಎದೆ ತನಕ. ಮುಂದೆ ಗುದ್ದಿದ್ರೆ ಅದು ಹಿಂದಕ್ಕೆ ಬರತ್ತೆ. ಹೊಸದಕ್ಕೆ ಯೂನಿವರ್ಸಲ್ ಜಾಯಿಂಟ್ (ಓರೆ ಇದ್ರೂ ತಿರುಗೋ ಕೀಲು) ಹಾಕಿದ ರಾಡ್ ಬೇಕಾಗತ್ತೆ, ಗುದ್ದಿದಾಗ ಒಳಕ್ಕೆ ಮಡಚೋ ರಾಡ್ ಸಿಕ್ರೆ ಇನ್ನೂ ಒಳ್ಳೇದು, ಈ ಒಂದು ಕಾರಣಕ್ಕೇ ನಾನು ಬಾಕ್ಸ್ ಬದಲಾವಣೆ ಪರ. ಎರಡು ಜಾಯಿಂಟ್ ಹಾಕಿದ್ರೆ ಎರಡರ ಫೋರ್ಕೂ ಒಂದೇ ಸಾಲಲ್ಲಿ ಇರ್ಬೇಕು, ಮೂರು ಹಾಕಿದ್ರೆ ಮಧ್ಯ ರಾಡಿಗೆ ಬೇರಿಂಗ್ ಸಪೋರ್ಟ್ ಬೇಕೇ ಬೇಕು.

ಮತ್ತೆ ಕೈ ಮುಗಿದು ಕೇಳ್ತೀನಿ, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್, ಇವು ಯಾವುದನ್ನೂ ಕತ್ತರಿಸಿ ವೆಲ್ಡಿಂಗ್ ಮಾಡೋಕೆ ಬಿಡಬೇಡಿ, ಗ್ಯಾಸಲ್ಲಿ ಕಾಯಿಸಿ ಬಗ್ಗಿಸೋಕೂ ಬಿಡಬೇಡಿ. ಇವು ಫೋರ್ಜ್ ಮಾಡಿ ಹದ ಕೊಟ್ಟ ಕಬ್ಬಿಣ, ಬೆಂಕಿ ತಾಗಿದ್ರೆ ಹದ ಹೋಗತ್ತೆ, ಹೊರಗಿಂದ ಚೆನ್ನಾಗೇ ಕಾಣತ್ತೆ, ಒಂದಿನ ಪಟ್ ಅಂತ ಮುರಿಯತ್ತೆ. ಉದ್ದ ಸಾಲ್ದಿದ್ರೆ ಸರಿಯಾದ ಉದ್ದದ್ದು ಹುಡುಕಿ, ಇಲ್ಲಾ ಥ್ರೆಡ್ ಇರೋ ಅಡ್ಜಸ್ಟಬಲ್ ರಾಡ್ ಮಾಡ್ಸಿ. ವೆಲ್ಡಿಂಗ್ ಏನಿದ್ರೂ ಚಾಸಿಗೆ ಪ್ಲೇಟ್ ಕೊಡೋಕೆ ಮಾತ್ರ. ಡಬ್ಬಿ ಥರ ಮುಚ್ಚಿದ ಚಾಸಿ ಆದ್ರೆ ಬೋಲ್ಟ್ ಹೋಗೋ ಕಡೆ ಒಳಗೆ ಪೈಪ್ ಸ್ಲೀವ್ ಕೂರ್ಸಿ, ಇಲ್ದಿದ್ರೆ ಟೈಟ್ ಮಾಡಿದಂಗೆ ಚಾಸಿ ಅಪ್ಪಚ್ಚಿ ಆಗಿ ಬೋಲ್ಟ್ ಮತ್ತೆ ಸಡಿಲ. ಬೋಲ್ಟ್ ತಲೆ ಮೇಲೆ ಗಟ್ಟಿತನದ ನಂಬರ್ 8.8 ಇಲ್ಲಾ 10.9 ಅಂತ ಇರೋದೇ ತಗೊಳ್ಳಿ. ಶಿವಮೊಗ್ಗಕ್ಕೆ ಬಂದ್ರೆ ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್ ಕಡೆ ಲೇತ್, ಪಟ್ಟಾ, ಅಲೈನ್‌ಮೆಂಟ್ ಎಲ್ಲ ಹತ್ತಿರ ಹತ್ತಿರ ಸಿಗತ್ತೆ, ಗಾಡಿಯನ್ನ ಓಡಿಸ್ಕೊಂಡು ಬರಬೇಡಿ, ಲಾರಿ ಮೇಲೆ ಹಾಕ್ಕೊಂಡು ಬನ್ನಿ.

ಪ್ರಶ್ನೆ: ಅಣ್ಣ, ಜೀಪ್ ಪಿಕಪ್ಪಿಗೆ ಗುಜರಿಲಿ ಪವರ್ ಸ್ಟೇರಿಂಗ್ ಬಾಕ್ಸ್ ಸಿಕ್ಕಿದೆ. ಪಂಪ್ ಈಗ ಬೇಡ, ದುಡ್ಡಾದಾಗ ಹಾಕ್ಸಣ ಅಂತ ಇದೀನಿ. ಬರೀ ಬಾಕ್ಸ್ ಹಾಕಿ ಓಡಿಸ್ಬಹುದಾ?
— ಸಾಗರದ ಓದುಗರು

ಉತ್ತರ: ಬೇಡ ತಮ್ಮ. ಪವರ್ ಬಾಕ್ಸಿನ ರೇಶಿಯೋ ಸಾಮಾನ್ಯವಾಗಿ ಮ್ಯಾನ್ಯುಯಲ್ಲಿಗಿಂತ ಕಡಿಮೆ ಇರತ್ತೆ, ಅಮೆರಿಕದ ಪಿಕಪ್ಪಲ್ಲಿ 17.5ಕ್ಕೆ 1 ಅಂತ ಬರೋದುಂಟು. ಎಣ್ಣೆ ಒತ್ತಡ ಸಹಾಯ ಮಾಡತ್ತೆ ಅಂತ ಲೆಕ್ಕ ಹಾಕಿ ಮಾಡಿರೋದದು. ಪಂಪಿಲ್ಲದೆ ಓಡಿಸಿದ್ರೆ ಈಗಿರೋದಕ್ಕಿಂತ ಭಾರ, ಒಳಗೆ ಎಣ್ಣೆ ಓಡಾಡದೆ ಸೀಲೂ ಹಾಳು. ಬಾಕ್ಸ್, ಪಂಪ್, ಬ್ರ್ಯಾಕೆಟ್, ಹೋಸ್ ಎಲ್ಲ ಒಟ್ಟಿಗೆ ಹಾಕೋಕಾಗೋ ತನಕ ಕಾಯಿ.

ಪಂಪ್ ಹಾಕುವಾಗ ಇಂಜಿನ್ ಪುಲ್ಲಿಗೂ ಪಂಪ್ ಪುಲ್ಲಿಗೂ ಒಂದೇ ನೇರ ಇರ್ಲಿ, ಚೂರು ಓರೆ ಇದ್ರೂ ಹೊಳೆ ದಾಟುವಾಗ, ನೀರು ಹೊಡೆದಾಗ ಬೆಲ್ಟ್ ಜಾರತ್ತೆ. ಹೋಸ್ ಸೈಲೆನ್ಸರ್ ಮ್ಯಾನಿಫೋಲ್ಡಿಂದ ದೂರ. ಎಣ್ಣೆ ತುಂಬಿದ ಮೇಲೆ ಮುಂದಿನ ವೀಲು ಎತ್ತಿ, ಇಂಜಿನ್ ಆಫಲ್ಲೇ ಲಾಕಿಂದ ಲಾಕಿಗೆ ನಿಧಾನ ತಿರುಗಿಸಿ ಗಾಳಿ ಹೊರಗೆ ಬಿಡಬೇಕು, ಆಮೇಲೆ ಸ್ಟಾರ್ಟ್. ಫುಲ್ ಲಾಕಲ್ಲಿ ಒತ್ತಿ ಹಿಡ್ಕೊಂಡು ನಿಲ್ಲೋ ಚಾಳಿ ಬಿಡು, ಪಂಪ್ ಸುಟ್ಟೋಗತ್ತೆ. ಘಾಟಿ ಇಳಿವಾಗ ಡೀಸೆಲ್ ಉಳಿಸೋಕೆ ಇಂಜಿನ್ ಆಫ್ ಮಾಡೋದಂತೂ ಯಾವತ್ತೂ ಬೇಡ, ಇಂಜಿನ್ ನಿಂತ್ರೆ ಪಂಪೂ ನಿಲ್ಲತ್ತೆ, ತಿರುವಲ್ಲಿ ಸ್ಟೇರಿಂಗ್ ಕಲ್ಲಾಗತ್ತೆ.

ಪವರ್ ಯಾಕೆ ಬೇಕು ಅನ್ನೋದನ್ನೂ ಯೋಚ್ನೆ ಮಾಡು. ಮೊದಲಿದ್ದ 6.00-16 ಟೈರ್ ತೆಗೆದು ಅಗಲದ್ದು ಹಾಕಿದ್ರೆ ಯಾವ ಸ್ಟೇರಿಂಗಾದ್ರೂ ಭಾರನೇ. ಟೈರ್ ವಾಪಸ್ ಸಣ್ಣದು ಮಾಡಿ, ಗಾಳಿ ಸರಿ ಇಟ್ಟು, ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆದು ನೋಡು ಮೊದಲು. ಅಷ್ಟರಲ್ಲೇ ಕೆಲಸ ಮುಗಿದ್ರೂ ಮುಗೀತು.

ಪ್ರಶ್ನೆ: ಸ್ಟೇರಿಂಗ್ ಬಾಕ್ಸಿಂದ ಆಯಿಲ್ ಸೋರ್ತಾನೇ ಇರತ್ತೆ. ಗ್ರೀಸ್ ತುಂಬಿಬಿಡಿ ಅಂತಾರೆ, ತುಂಬ್ಲಾ?
— ಹೊಸನಗರದ ಓದುಗರು

ಉತ್ತರ: ಗಟ್ಟಿ ಗ್ರೀಸ್ ಬೇಡ. ಕ್ಯಾಮ್ ಓಡಾಡಿದ ದಾರಿಯಿಂದ ಗ್ರೀಸ್ ಪಕ್ಕಕ್ಕೆ ಸರಿದು ಅಲ್ಲೇ ನಿಲ್ಲತ್ತೆ, ವಾಪಸ್ ಹರಿದು ಬರಲ್ಲ, ಒಳಗೆ ಒಣ ಕಬ್ಬಿಣ ಉಜ್ಜತ್ತೆ. ಸೀಲು, ಬುಶ್ ಹೊಸದು ಹಾಕ್ಸಿ ಕಂಪನಿ ಹೇಳಿದ ಗೇರ್ ಆಯಿಲ್ಲೇ ಹಾಕಿ. ಶಾಫ್ಟೇ ಸವೆದು ಸೀಲ್ ನಿಲ್ತಿಲ್ಲ ಅಂದ್ರೆ ಸೊನ್ನೆ-ಸೊನ್ನೆ ಗ್ರೇಡಿನ ತೆಳು ಗ್ರೀಸ್ ಬರತ್ತೆ, ಗಂಜಿ ಹದದ್ದು, ಅದು ಹರಿಯತ್ತೆ, ರಿಪೇರಿ ಆಗೋ ತನಕ ಅದು ನಡೆಯತ್ತೆ. ಮಳೆಗಾಲ ಮುಗಿದ ಕೂಡ್ಲೇ ಒಂದ್ಸಲ ಪ್ಲಗ್ ಬಿಚ್ಚಿ ನೋಡಿ, ಆಯಿಲ್ ಬೆಳ್ಳಗೆ ಹಾಲಿನ ಥರ ಇದ್ರೆ ನೀರು ಹೋಗಿದೆ, ಪೂರ್ತಿ ತೆಗೆದು ತೊಳೆದು ಹೊಸದು ತುಂಬಿ.

ಪ್ರಶ್ನೆ: ನಮ್ಮ ಎಸ್ಟೇಟಲ್ಲಿ 1950ರ ದಶಕದ ಶೆವ್ರೊಲೆ ಪಿಕಪ್ ಇದೆ, ಬಲಗಡೆ ಸ್ಟೇರಿಂಗು. ಅಮೆರಿಕದಿಂದ ಸ್ಟೇರಿಂಗ್ ಕಿಟ್ ತರಿಸೋ ಯೋಚ್ನೆ. ಆರ್‌ಟಿಓ ತೊಂದ್ರೆ ಆಗತ್ತಾ? ವಿಂಟೇಜ್ ನಂಬರ್ ಮಾಡಿಸಬೇಕು ಅಂತಾನೂ ಆಸೆ.
— ಕೊಪ್ಪದ ಓದುಗರು

ಉತ್ತರ: ಕಿಟ್ಟಿಗೆ ದುಡ್ಡು ಕಳ್ಸೋ ಮುಂಚೆ ಒಂದು ಕೇಳಿ. ಅಲ್ಲಿನ ಗಾಡಿ ಎಡಗಡೆ ಸ್ಟೇರಿಂಗು, ಕಿಟ್ಟಿನ ಬ್ರ್ಯಾಕೆಟ್ ಮಾಡಿರೋದು ಎಡಗಡೆ ಚಾಸಿಗೆ. ಬಲಗಡೆ ಅದು ಕೂರಲ್ಲ, ಕೂರ್ಸೋಕೆ ಅಂತ ಚಾಸಿ ಕೊಯ್ಯೋ ಪರಿಸ್ಥಿತಿ ಬರತ್ತೆ. ನಿಮ್ಮ ಗಾಡಿಗೆ ನನ್ನ ಸಲಹೆ ಮೂಲ ಬಾಕ್ಸನ್ನೇ ಬೇರಿಂಗ್, ಬುಶ್, ಸೀಲ್ ಹಾಕ್ಸಿ ರೆಡಿ ಮಾಡ್ಸೋದು. ಬೆಂಗಳೂರು ಜೆ.ಸಿ. ರೋಡಲ್ಲಿ ಸೈಜ್ ಅಳತೆ ಕೊಟ್ಟು ಬೇರಿಂಗ್ ವಿಚಾರಿಸಿ.

ಕಾನೂನು ಕಡೆ ನೋಡಿದ್ರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ, ಆರ್‌ಸಿಲಿ ಇರೋ ವಿವರಕ್ಕೆ ವ್ಯತ್ಯಾಸ ಬರೋ ಹಂಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಅದೇ ಥರದ ಪಾರ್ಟ್ ಹಾಕಿ ರಿಪೇರಿ ಮಾಡೋದು ಬೇರೆ, ಬೇರೆ ಗಾಡಿ ಬಾಕ್ಸ್ ಹಾಕೋಕೆ ಚಾಸಿ ಕೊಯ್ಯೋದು ಬೇರೆ. ಅಂಥದ್ದು ಮಾಡೋದಿದ್ರೆ ಆರ್‌ಟಿಓದಲ್ಲಿ ಮೊದಲೇ ಕೇಳಿ, ಇನ್ಶೂರೆನ್ಸಿನವ್ರಿಗೂ ಬರವಣಿಗೆಲಿ ತಿಳ್ಸಿ.

ವಿಂಟೇಜ್ ನಿಯಮ ಬಂದಿದ್ದು 2021ರ ಜುಲೈಲಿ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರ್ಬೇಕು, ಗಾಡಿ ಮೂಲ ರೂಪದಲ್ಲೇ ಇರ್ಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಯಿಸಿರಬಾರ್ದು. ಹೊಸ ರಿಜಿಸ್ಟ್ರೇಷನ್ ಫೀಸು 20,000 ರೂಪಾಯಿ, 10 ವರ್ಷಕ್ಕೆ, ನಂಬರಲ್ಲಿ ವಿಎ ಅಂತ ಅಕ್ಷರ ಬರತ್ತೆ. ಚಾಸಿ ಕೊಯ್ದು ಬೇರೆ ಬಾಕ್ಸ್ ಹಾಕಿದ್ರೆ ಈ ದಾರಿ ಮುಚ್ಚಿದ ಹಂಗೇ, ಅದ್ಕೇ ಮೂಲ ಬಾಕ್ಸ್ ಉಳ್ಸಿ ಅಂದಿದ್ದು. ಇನ್ನೊಂದು, ವಿಂಟೇಜ್ ನಂಬರ್ ಆದ ಗಾಡಿಯನ್ನ ಪ್ರದರ್ಶನ, ರ‍್ಯಾಲಿ ಥರದ್ದಕ್ಕೆ ಬಿಟ್ರೆ ದಿನಾ ರೋಡಲ್ಲಿ ಓಡಿಸೋ ಹಾಗಿಲ್ಲ, ಬಾಡಿಗೆ ವ್ಯಾಪಾರಕ್ಕಂತೂ ಇಲ್ಲ. ಎಸ್ಟೇಟ್ ಕೆಲಸಕ್ಕೆ ದಿನಾ ರೋಡಿಗೆ ಇಳಿಸೋ ಗಾಡಿ ಅದು ಅಂತಾದ್ರೆ ಮಾಮೂಲಿ ಆರ್‌ಸಿ ರಿನ್ಯೂವಲ್ಲೇ ಮಾಡ್ಸಿ.